ತಕರಾರಿಲ್ಲದಿರುವುದು ಪ್ರಮಾಣವಾದೀತೇ?

ಒಂದು ಜ್ಞಾನವು ಹುಟ್ಟಿದಾಗ ಅದನ್ನು ಯಥಾರ್ಥವೆಂದು ಒಪ್ಪಲು ಅದು ಹುಟ್ಟಿದ್ದೇ ಸಾಕೋ, ಅಥವಾ ಹೊರಗಿನಿಂದ ಬೇರೊಂದು ಆಧಾರ ಬಂದು ಅದನ್ನು ದೃಢಪಡಿಸಬೇಕೋ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಪ್ರಾಮಾಣ್ಯವಾದವೆಂದು ಕರೆದು, ಏಳನೆಯ ಶತಮಾನದ ಕುಮಾರಿಲಭಟ್ಟನಿಂದ ಹದಿನಾರನೆಯ ಶತಮಾನದ ವ್ಯಾಸತೀರ್ಥರವರೆಗೆ ಬಿಡದೆ ಚರ್ಚಿಸಿದ್ದಾರೆ. ಪ್ರಾಮಾಣ್ಯವೆಂದರೆ ಜ್ಞಾನವು ತನ್ನ ವಿಷಯವನ್ನು ಇದ್ದಂತೆಯೇ ತಿಳಿಸುವ ಗುಣ. ಆ ಗುಣವು ಜ್ಞಾನದೊಳಗೇ ಇದ್ದು ತಾನಾಗಿ ಗೊತ್ತಾಗುತ್ತದೆಂಬುದು ಸ್ವತಃಪ್ರಾಮಾಣ್ಯವಾದ. ಹೊರಗಿನ ಸಾಧನದಿಂದಲೇ ಗೊತ್ತಾಗಬೇಕೆಂಬುದು ಪರತಃಪ್ರಾಮಾಣ್ಯವಾದ. ಪಾಠಶಾಲೆಗಳ ಹೊರಗೆ ಈ ಚರ್ಚೆಗೆ ಈಗ ಕೆಲಸವಿಲ್ಲವೆಂದು ಬಗೆಯುವವರಿದ್ದಾರೆ. ಆದರೆ ಹಲವು ಬಗೆಯ ಯಂತ್ರಗಳಿಗೆ ಒಂದೇ ತಂತ್ರಾಂಶವನ್ನು ಹಂಚುವ ಲಿನಕ್ಸ್ ಸಮುದಾಯಗಳು ದಿನವೂ ಎದುರಿಸುವ ತೀರ್ಮಾನವೊಂದು ಇದೇ ಪ್ರಶ್ನೆಯ ಇನ್ನೊಂದು ರೂಪವಾಗಿದೆ: ಯಾವ ಪ್ಯಾಕೇಜನ್ನು ಯಾವ ಯಂತ್ರದ ಮೇಲೆ ಯಾವಾಗ ಸ್ಥಿರವೆಂದು ಸಾರಬೇಕು, ಹಾಗೆ ಸಾರುವುದಕ್ಕೆ ಆಧಾರವೇನು?

ಲಿನಕ್ಸ್ ವಿತರಣೆಯೆಂದರೆ ಗಣಕವನ್ನು ನಡೆಸುವ ಮೂಲ ತಂತ್ರಾಂಶದೊಡನೆ ಸಾವಿರಾರು ಉಪಯುಕ್ತ ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದುವಂತೆ ಕೂಡಿಸಿ ಕೊಡುವ ಸಂಗ್ರಹ. ಅದರೊಳಗಿನ ಒಂದೊಂದು ಘಟಕವೂ ಒಂದು ಪ್ಯಾಕೇಜು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇಂಥ ವಿತರಣೆಗಳಲ್ಲಿ ಹಳೆಯದು. ಡೇನಿಯಲ್ ರಾಬಿನ್ಸ್ ಆರಂಭಿಸಿ 2002ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ ಜೆಂಟೂ ಇನ್ನೊಂದು. ಪ್ರೋಗ್ರಾಮರ್ ಬರೆಯುವ ಪಠ್ಯ, ಅಂದರೆ ಸೋರ್ಸ್ ಕೋಡ್, ಒಂದೇ ಆದರೂ ಪ್ರತಿಯೊಂದು ಬಗೆಯ ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆದೇಶಗಳ ಗುಂಪು ಬೇರೆಬೇರೆ. ಆ ಬಗೆಯನ್ನೇ ಆರ್ಕಿಟೆಕ್ಚರ್ ಎನ್ನುತ್ತಾರೆ. ಮೇಜಿನ ಮೇಲಿನ ಗಣಕಗಳ ಎಎಂಡಿ64, ಮೊಬೈಲುಗಳಲ್ಲಿ ಹರಡಿರುವ ಆರ್ಮ್, ಬ್ಯಾಂಕುಗಳ ದೊಡ್ಡ ಯಂತ್ರಗಳ ಎಸ್390ಎಕ್ಸ್, ಇತ್ತೀಚಿನ ರಿಸ್ಕ್-ವಿ ಇವೆಲ್ಲ ಬೇರೆಬೇರೆ ಆರ್ಕಿಟೆಕ್ಚರ್‌ಗಳು. ಕಂಪೈಲರ್ ಎಂಬ ಪರಿವರ್ತಕವು ಒಂದೇ ಸೋರ್ಸ್ ಕೋಡನ್ನು ಇವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕವಾಗಿ ಇಳಿಸಬೇಕಾಗುತ್ತದೆ. ಹೀಗಿರುವಾಗ ‘ಈ ಪ್ಯಾಕೇಜು ಸ್ಥಿರ’ ಎಂಬ ಮಾತು ಆ ಪಠ್ಯದ ಬಗೆಗೆ ಹೇಳಿದ್ದೋ, ಒಂದೊಂದು ಯಂತ್ರದಲ್ಲಿ ಅದು ಪಡೆದ ರೂಪದ ಬಗೆಗೆ ಹೇಳಿದ್ದೋ ಎಂಬುದು ಮೊದಲು ಬಗೆಹರಿಯಬೇಕು.

ಈ ಎರಡು ವಿತರಣೆಗಳು ಹಿಡಿದ ದಾರಿಗಳು ಭಿನ್ನವಾಗಿವೆ. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜು ಮೊದಲು ಅಸ್ಥಿರವೆಂಬ ವಿಭಾಗಕ್ಕೆ ಬರುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ 5 ಅಥವಾ 10 ದಿನ, ತುರ್ತಿನದಾದರೆ 2 ದಿನ ಉಳಿದು, ಬಿಡುಗಡೆಗೆ ಸೇರಿದ ಆರ್ಕಿಟೆಕ್ಚರ್‌ಗಳಲ್ಲಿ ಹಿಂದೆ ಎಲ್ಲೆಲ್ಲಿ ಲಭ್ಯವಿತ್ತೋ ಅಲ್ಲೆಲ್ಲ ಯಶಸ್ವಿಯಾಗಿ ಕಂಪೈಲ್ ಆಗಿ, ಬಿಡುಗಡೆಗೆ ಅಡ್ಡಿಯಾಗುವಂಥ ಹೊಸ ದೋಷವನ್ನು ಯಾರೂ ವರದಿ ಮಾಡದಿದ್ದರೆ, ಪರೀಕ್ಷಾ ವಿಭಾಗಕ್ಕೆ ತಾನಾಗಿ ದಾಟುತ್ತದೆ. ಆ ವಿಭಾಗವೇ ಮುಂದೆ ಗಟ್ಟಿಯಾಗಿ ಸ್ಥಿರ ಬಿಡುಗಡೆಯಾಗುತ್ತದೆ. ಇಲ್ಲಿ ಪ್ಯಾಕೇಜನ್ನು ‘ಸರಿ’ ಎಂದು ಯಾರೂ ಬರೆಯಬೇಕಿಲ್ಲ, ‘ತಪ್ಪು’ ಎಂದು ಯಾರೂ ಬರೆಯದಿದ್ದರೆ ಸಾಕು. ಜೆಂಟೂ ಹಾಗಲ್ಲ. ಅಲ್ಲಿ ಪ್ರತಿಯೊಂದು ಆರ್ಕಿಟೆಕ್ಚರ್‌ನ ಹೆಸರಿನ ಮುಂದೆ ಟಿಲ್ಡೆ ಎಂಬ ಅಲೆಗೆರೆಯ ಗುರುತನ್ನಿಟ್ಟು ಪ್ಯಾಕೇಜು ಇನ್ನೂ ಪರೀಕ್ಷೆಯಲ್ಲಿದೆಯೆಂದು ಸೂಚಿಸುತ್ತಾರೆ. ವಾಡಿಕೆಯಂತೆ 30 ದಿನ ಕಳೆದ ಮೇಲೆ ಕೋರಿಕೆ ಸಲ್ಲಿಕೆಯಾಗಿ, ಆಯಾ ಆರ್ಕಿಟೆಕ್ಚರ್‌ನ ತಂಡವು ಅದೇ ಬಗೆಯ ಯಂತ್ರದಲ್ಲಿ ಅದನ್ನು ಕಂಪೈಲ್ ಮಾಡಿ ಪರೀಕ್ಷಿಸಿದ ಬಳಿಕವೇ ಆ ಒಂದು ಹೆಸರಿನ ಅಲೆಗೆರೆ ಅಳಿಯುತ್ತದೆ. ಒಂದರದ್ದು ಅಳಿದರೆ ಇನ್ನೊಂದರದ್ದು ಅಳಿದಂತಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆವರಣದಲ್ಲಿ ಮೂಡಿದ, ಪರಂಪರೆಯು ಮಾಧವಾಚಾರ್ಯರ ಹೆಸರಿನಲ್ಲಿ ಹೇಳುವ ಸರ್ವದರ್ಶನಸಂಗ್ರಹವು ಪ್ರಾಮಾಣ್ಯದ ಬಗೆಗಿನ ನಿಲುವುಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ. ಸಾಂಖ್ಯರಿಗೆ ಪ್ರಾಮಾಣ್ಯ ಅಪ್ರಾಮಾಣ್ಯಗಳೆರಡೂ ಸ್ವತಃ. ನೈಯಾಯಿಕರಿಗೆ ಎರಡೂ ಪರತಃ. ಬೌದ್ಧರಿಗೆ ಅಪ್ರಾಮಾಣ್ಯವು ಸ್ವತಃ, ಪ್ರಾಮಾಣ್ಯವು ಪರತಃ. ಮೀಮಾಂಸಕರಿಗೆ ಪ್ರಾಮಾಣ್ಯವು ಸ್ವತಃ, ಅಪ್ರಾಮಾಣ್ಯವು ಪರತಃ. ಮೀಮಾಂಸಕನ ಪ್ರಕಾರ ಹುಟ್ಟಿದ ಜ್ಞಾನವನ್ನು ಕೆಡವುವ ಸಂಗತಿಗಳು ಎರಡೇ: ಅದಕ್ಕೆ ನೇರ ವಿರುದ್ಧವಾದ ಇನ್ನೊಂದು ಜ್ಞಾನ, ಅಂದರೆ ಬಾಧಕಜ್ಞಾನ; ಮತ್ತು ಅದನ್ನು ಹುಟ್ಟಿಸಿದ ಸಾಧನದಲ್ಲೇ ದೋಷವಿದೆಯೆಂಬ ಅರಿವು, ಅಂದರೆ ಕಾರಣದೋಷಜ್ಞಾನ. ಇವೆರಡೂ ತೋರದಿರುವವರೆಗೆ ಜ್ಞಾನವು ಪ್ರಮಾಣವೇ. ಡೆಬಿಯನ್‌ನ ನಿಯಮವು ಈ ನಿಲುವಿಗೆ ಬಹು ಹತ್ತಿರದಲ್ಲಿದೆ: ದೋಷವರದಿಯು ಬಾಧಕಜ್ಞಾನ, ಕಂಪೈಲ್ ವಿಫಲವಾಗುವುದು ಕಾರಣದೋಷದ ಅರಿವು, ಎರಡೂ ಇಲ್ಲದಿದ್ದರೆ ಪ್ಯಾಕೇಜಿಗೆ ದಾರಿ ತೆರೆದಿದೆ. ಜೆಂಟೂವಿನದು ನೈಯಾಯಿಕರ ಹಾದಿ. ದೂರದಲ್ಲಿ ನೀರು ಕಂಡವನು ಹತ್ತಿರ ಹೋಗಿ ಕುಡಿದು ಬಾಯಾರಿಕೆ ತೀರಿದಾಗ ಮಾತ್ರ ತನ್ನ ಮೊದಲ ನೋಟವು ಸರಿಯಾಗಿತ್ತೆಂದು ನಿಶ್ಚಯಿಸುತ್ತಾನೆಂಬುದು ನ್ಯಾಯದರ್ಶನದ ಮಾತು. ಪ್ರವೃತ್ತಿ ಸಫಲವಾಗುವುದೇ ಅಲ್ಲಿ ಪ್ರಾಮಾಣ್ಯವನ್ನು ತಿಳಿಸುವ ಗುರುತು. ಅಲೆಗೆರೆಯ ಗುರುತು ‘ತಪ್ಪು’ ಎನ್ನುವುದಿಲ್ಲ, ‘ಸರಿ’ ಎಂದೂ ಅನ್ನುವುದಿಲ್ಲ. ಓಡಿಸಿ ನೋಡುವವರೆಗೆ ಎರಡರಲ್ಲಿ ಯಾವುದನ್ನೂ ಹೇಳದಿರುವ ಸಂಯಮ ಅದರಲ್ಲಿದೆ.

ನೈಯಾಯಿಕನ ಎದುರು ಮೀಮಾಂಸಕನು ಒಡ್ಡುವ ಆಕ್ಷೇಪವು ಗಟ್ಟಿಯಾದದ್ದು. ಮೊದಲ ಜ್ಞಾನವನ್ನು ಎರಡನೆಯದು ದೃಢಪಡಿಸಬೇಕಾದರೆ ಎರಡನೆಯದನ್ನು ದೃಢಪಡಿಸಲು ಮೂರನೆಯದು ಬೇಕು, ಅದಕ್ಕೆ ಮತ್ತೊಂದು. ಈ ಕೊನೆಯಿಲ್ಲದ ಸರಣಿಗೆ ಅನವಸ್ಥೆಯೆಂದು ಹೆಸರು. ಪ್ಯಾಕೇಜನ್ನು ಪರೀಕ್ಷಿಸುವ ಪ್ರೋಗ್ರಾಮೂ ಒಂದು ಪ್ರೋಗ್ರಾಮೇ, ಅದನ್ನು ಕಂಪೈಲ್ ಮಾಡಿದ ಕಂಪೈಲರ್ ಕೂಡ ಇನ್ನೊಂದು ಕಂಪೈಲರ್‌ನಿಂದ ಬಂದದ್ದೇ, ಅವೆಲ್ಲ ಓಡುವ ಪ್ರೊಸೆಸರ್‌ನಲ್ಲೂ ದೋಷವಿರಬಹುದು. ಕುಮಾರಿಲನು ಈ ಸರಣಿಯನ್ನು ಮೂರುನಾಲ್ಕು ಜ್ಞಾನಗಳಾಚೆಗೆ ಎಳೆಯಬೇಕಿಲ್ಲವೆಂದು ಹೇಳಿ ನಿಲ್ಲಿಸಿದ್ದು ಆಲಸ್ಯದಿಂದಲ್ಲ. ಸಕಾರಣವಾದ ಸಂಶಯಕ್ಕೆ ಉತ್ತರ ಕೊಡಬೇಕು, ಕಾರಣವಿಲ್ಲದ ಸಂಶಯವು ಲೋಕವ್ಯವಹಾರವನ್ನೇ ಕೆಡಿಸುತ್ತದೆ ಎಂಬ ವಿವೇಕವು ಅದರ ಹಿಂದಿದೆ. ಸಾವಿರಾರು ಪ್ಯಾಕೇಜುಗಳನ್ನು ಕೆಲವೇ ಸ್ವಯಂಸೇವಕರು ನೋಡಿಕೊಳ್ಳುವ ಕಡೆ ಈ ವಿವೇಕವಿಲ್ಲದೆ ಯಾವ ಬಿಡುಗಡೆಯೂ ಹೊರಬರಲಾರದು.

ಆದರೂ ಒಂದು ಯಂತ್ರದಲ್ಲಿ ಕಂಡ ಸರಿತನವನ್ನು ಇನ್ನೊಂದು ಯಂತ್ರಕ್ಕೆ ದಾಟಿಸುವಾಗ ಸ್ವತಃಪ್ರಾಮಾಣ್ಯದ ಹೆಸರು ಹೇಳಿ ಸುಮ್ಮನಿರಲಾಗದು, ಏಕೆಂದರೆ ಅಲ್ಲಿ ನಡೆಯುವುದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಹೀಗೆ ಎರಡು ಸಂಗತಿಗಳ ನಂಟಿನ ನಡುವೆ ಕಾಣದಂತೆ ಅಡಗಿದ್ದು, ಆ ನಂಟನ್ನು ಸಾರ್ವತ್ರಿಕವಾಗದಂತೆ ತಡೆಯುವ ಷರತ್ತನ್ನು ನ್ಯಾಯಶಾಸ್ತ್ರವು ಉಪಾಧಿಯೆನ್ನುತ್ತದೆ. ‘ಎಎಂಡಿ64ರಲ್ಲಿ ಓಡಿತು, ಆದ್ದರಿಂದ ಎಲ್ಲೆಡೆ ಓಡುತ್ತದೆ’ ಎಂಬ ಅನುಮಾನವನ್ನು ಕೆಡಿಸುವ ಉಪಾಧಿಗಳು ಒಂದೆರಡಲ್ಲ.

ಕರ್ನಾಟಕದಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿ, 2001ರಲ್ಲಿ ಮಾದರಿಯನ್ನು ತೋರಿಸಿದ ಸಿಂಪ್ಯೂಟರ್ ಎಂಬ ಕೈಗಣಕವು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಲಿನಕ್ಸನ್ನು ನಡೆಸುತ್ತಿತ್ತು; ಓದುಬರಹ ಬಾರದವರಿಗೂ ಅವರ ಭಾಷೆಯಲ್ಲೇ ಗಣಕ ದೊರೆಯಬೇಕೆಂಬುದು ಅದರ ಆಶಯವಾಗಿತ್ತು. ಇಂಥ ಕೈಯಂತ್ರಕ್ಕೆ ಬೇಕಾದ ಪ್ರೋಗ್ರಾಮನ್ನು ಮೇಜಿನ ಮೇಲಿನ ಇಂಟೆಲ್ ಗಣಕದಲ್ಲಿ ಬರೆದು ನೋಡಿ, ಆಮೇಲೆ ಆರ್ಮ್‌ಗೆ ಕಂಪೈಲ್ ಮಾಡುವುದು ವಾಡಿಕೆ. ಇಂಟೆಲ್ ಪ್ರೊಸೆಸರ್ ನಾಲ್ಕು ಬೈಟುಗಳ ಸಂಖ್ಯೆಯನ್ನು ಸ್ಮೃತಿಯ ಯಾವ ವಿಳಾಸದಿಂದ ಬೇಕಾದರೂ ಸರಿಯಾಗಿ ಓದುತ್ತದೆ. ಸ್ಟ್ರಾಂಗ್‌ಆರ್ಮ್‌ನ ಪೀಳಿಗೆಯ ಆರ್ಮ್‌ಗಳಲ್ಲಿ ವಿಳಾಸವು ನಾಲ್ಕರಿಂದ ಭಾಗವಾಗದಿದ್ದರೆ, ತಡೆದು ಸರಿಪಡಿಸುವ ಏರ್ಪಾಡು ಇಲ್ಲದಾಗ, ಬೈಟುಗಳು ಸುತ್ತಿಕೊಂಡು ಬೇರೆಯೇ ಸಂಖ್ಯೆಯಾಗಿ ಕೈಗೆ ಬರುತ್ತವೆ. ಪ್ರೋಗ್ರಾಮು ನಿಲ್ಲುವುದಿಲ್ಲ, ಎಚ್ಚರಿಕೆಯ ಮಾತೂ ಬರುವುದಿಲ್ಲ, ಲೆಕ್ಕವಷ್ಟೇ ತಪ್ಪುತ್ತದೆ. ಸೋರ್ಸ್ ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉಪಾಧಿಯು ಕನ್ನಡಕ್ಕೆ ನೇರವಾಗಿ ತಟ್ಟುತ್ತದೆ. ಸಿ ಭಾಷೆಯಲ್ಲಿ ಒಂದು ಬೈಟಿನ ಅಕ್ಷರವನ್ನು ಹಿಡಿದಿಡುವ ‘ಚಾರ್’ ಎಂಬ ಬಗೆಯಿದೆ. ಅದು ಋಣಸಂಖ್ಯೆಯನ್ನು ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಭಾಷೆಯ ನಿಯಮವು ಯಂತ್ರಕ್ಕೇ ಬಿಟ್ಟಿದೆ. ಲಿನಕ್ಸ್‌ನಲ್ಲಿ ಇಂಟೆಲ್ ಬಗೆಯ ಯಂತ್ರಗಳ ಮೇಲೆ ಅದು ಋಣಸಂಖ್ಯೆಯನ್ನು ಹಿಡಿಯುತ್ತದೆ, ಆರ್ಮ್ ಮತ್ತು ರಿಸ್ಕ್-ವಿ ಮೇಲೆ ಹಿಡಿಯುವುದಿಲ್ಲ. ಕನ್ನಡದ ‘ಕ’ ಅಕ್ಷರವು ಯುಟಿಎಫ್-8 ಕ್ರಮದಲ್ಲಿ 224, 178, 149 ಎಂಬ ಮೂರು ಬೈಟುಗಳಾಗಿ ಶೇಖರವಾಗುತ್ತದೆ. ಆರ್ಮ್‌ನಲ್ಲಿ ಈ ಬೈಟುಗಳು ಇದ್ದಂತೆಯೇ ಇರುತ್ತವೆ; ಇಂಟೆಲ್‌ನಲ್ಲಿ ಅವೇ -32, -78, -107 ಆಗುತ್ತವೆ. ಅಕ್ಷರದ ಬೆಲೆಯನ್ನೇ ಕ್ರಮಾಂಕವಾಗಿ ಬಳಸಿ ಪಟ್ಟಿಯೊಂದರಿಂದ ಏನನ್ನಾದರೂ ಹೆಕ್ಕುವ ಪ್ರೋಗ್ರಾಮು ಕನ್ನಡ ಪಠ್ಯವನ್ನು ಕೊಟ್ಟೊಡನೆ ಇಂಟೆಲ್ ಯಂತ್ರದಲ್ಲಿ ಪಟ್ಟಿಯ ಆಚೆಗೆ ಕೈಚಾಚಿ ಕೆಡುತ್ತದೆ. ಇಂಗ್ಲಿಷ್ ಅಕ್ಷರಗಳ ಬೆಲೆಯೆಲ್ಲ 128ಕ್ಕಿಂತ ಕಡಿಮೆಯಿರುವುದರಿಂದ ಇಂಗ್ಲಿಷ್ ಪಠ್ಯವನ್ನಷ್ಟೇ ಕೊಟ್ಟು ನೋಡಿದವನಿಗೆ ಎರಡೂ ಯಂತ್ರಗಳಲ್ಲಿ ಪ್ರೋಗ್ರಾಮು ಸರಿಯಾಗಿಯೇ ತೋರುತ್ತದೆ. ತಿರುವುಮುರುವಾದ ದೋಷವೂ ಉಂಟು: ಕಡತ ಮುಗಿಯಿತೆಂದು ಸೂಚಿಸುವ -1 ಎಂಬ ಬೆಲೆಯನ್ನು ‘ಚಾರ್’ನಲ್ಲಿ ಹಿಡಿದಿಟ್ಟರೆ ಆರ್ಮ್‌ನಲ್ಲಿ ಅದು 255 ಆಗಿ, ಮುಗಿಯಿತೇ ಎಂಬ ಪರೀಕ್ಷೆ ಎಂದೂ ನಿಜವಾಗದೆ, ಪ್ರೋಗ್ರಾಮು ಕೊನೆಯಿಲ್ಲದೆ ಸುತ್ತುತ್ತದೆ, ಇಂಟೆಲ್‌ನಲ್ಲಿ ಅದೇ ಪ್ರೋಗ್ರಾಮು ಕನ್ನಡ, ಇಂಗ್ಲಿಷ್ ಎರಡನ್ನೂ ಓದಿ ನೆಟ್ಟಗೆ ನಿಲ್ಲುತ್ತದೆ. ಹೀಗೆ ಯಂತ್ರವೊಂದೇ ಅಲ್ಲ, ಪರೀಕ್ಷಕನು ಬಳಸುವ ಭಾಷೆಯೂ ಉಪಾಧಿಯಾಗುತ್ತದೆ. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ಉಪಾಧಿಯಿಲ್ಲದ ನಂಟುಗಳೂ ಇವೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿವೆ. ಫಾಂಟಿನಲ್ಲಿರುವುದು ಅಕ್ಷರಗಳ ಆಕಾರದ ಮಾಹಿತಿಯೇ ಹೊರತು ಪ್ರೊಸೆಸರ್‌ನ ಆದೇಶಗಳಲ್ಲವಾದ್ದರಿಂದ ಅಂಥ ಪ್ಯಾಕೇಜು ಎಲ್ಲ ಆರ್ಕಿಟೆಕ್ಚರ್‌ಗಳಿಗೂ ಒಂದೇ. ಜೆಂಟೂ ಕೂಡ ಈ ಬಗೆಯವನ್ನು ಗುರುತಿಸಿ, ಒಂದು ಯಂತ್ರದ ಮೇಲಿನ ಪರೀಕ್ಷೆಯನ್ನೇ ಎಲ್ಲಕ್ಕೂ ಸಾಕೆಂದು ಒಪ್ಪುತ್ತದೆ. ಇದು ಸರಿಯಾದ ವಿವೇಚನೆ.

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ದೋಷವರದಿ ಬಾರದಿರುವುದು ದೋಷವಿಲ್ಲವೆಂಬುದಕ್ಕೆ ಪ್ರಮಾಣವೇ? ಕಂದಾಯ ಆಡಳಿತವು ಇದೇ ಪ್ರಶ್ನೆಯನ್ನು ಹಳ್ಳಿಹಳ್ಳಿಯಲ್ಲೂ ಎದುರಿಸುತ್ತದೆ. ದಾವಣಗೆರೆ ಜಿಲ್ಲೆಯ ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಲ್ಲಿ ಒಂದು ಜಮೀನು ಕೈಬದಲಾದಾಗ ಪಹಣಿಯಲ್ಲಿ ಹೊಸ ಹೆಸರು ಏರಬೇಕಾದರೆ ಖಾತೆ ಬದಲಾವಣೆಯ ನೋಟಿಸು ಹೊರಡುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ಅದರ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿ, ಹಿತಾಸಕ್ತಿಯುಳ್ಳವರಿಗೆ ಲಿಖಿತವಾಗಿ ತಿಳಿಸಿ, ಗೊತ್ತುಪಡಿಸಿದ ಅವಧಿಯೊಳಗೆ ತಕರಾರು ಬಾರದಿದ್ದರೆ ಬದಲಾವಣೆಯನ್ನು ಪ್ರಮಾಣೀಕರಿಸಲಾಗುತ್ತದೆ. ಅದೇ ಅಧಿನಿಯಮದ 133ನೆಯ ಪ್ರಕರಣವು ಹಾಗೆ ದಾಖಲಾದ ನಮೂದನ್ನು, ವಿರುದ್ಧವಾದದ್ದು ಸಾಬೀತಾಗುವವರೆಗೆ ಅಥವಾ ಕಾನೂನುರೀತ್ಯ ಹೊಸ ನಮೂದು ಬರುವವರೆಗೆ, ನಿಜವೆಂದೇ ಭಾವಿಸತಕ್ಕದ್ದೆನ್ನುತ್ತದೆ. ಬಾಧಕ ತೋರುವವರೆಗೆ ಪ್ರಮಾಣವೆನ್ನುವ ಮೀಮಾಂಸಕನ ನಿಯಮದ ಜಾಡೇ ಇಲ್ಲಿಯೂ ಇದೆ. ಆದರೆ ಅಧಿನಿಯಮವು ಅದರ ಜೊತೆಗೆ ಇನ್ನೊಂದು ಷರತ್ತನ್ನೂ ಇಟ್ಟಿದೆ: ತಕರಾರು ಮಾಡಬಲ್ಲವರ ಕಣ್ಣಿಗೆ ನೋಟಿಸು ಬಿದ್ದಿರಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳಿಗೋ ಕೂಲಿಗೆಂದು ವಲಸೆ ಹೋದ ಅಣ್ಣನಿಗೋ ನೋಟಿಸೇ ತಲುಪದಿದ್ದರೆ, ಅವರು ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಓದುವುದು ಅನ್ಯಾಯ.

ಈ ಷರತ್ತಿಗೆ ಮೀಮಾಂಸೆಯಲ್ಲಿ ನಿಖರವಾದ ಹೆಸರಿದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಅಭಾವವನ್ನು ತಿಳಿಸುವ ಒಂದು ಪ್ರತ್ಯೇಕ ಪ್ರಮಾಣವೆಂದೇ ಎಣಿಸುತ್ತಾರೆ. ಬೆಳಕಿರುವ ನೆಲದಲ್ಲಿ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲ. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸಂದರ್ಭದಲ್ಲಿ ಕಾಣದಿದ್ದಾಗ ಮಾತ್ರ ಅದು ಪ್ರಮಾಣ. ಕತ್ತಲಕೋಣೆಯಲ್ಲಿ ಗಡಿಗೆ ಕಾಣದಿರುವುದರಿಂದ ಗಡಿಗೆಯ ಬಗೆಗೆ ಏನೂ ತಿಳಿಯುವುದಿಲ್ಲ. ಡೆಬಿಯನ್‌ನ ನಿಯಮದ ಬಲವೂ ಮಿತಿಯೂ ಈ ಒಂದು ವಿಶೇಷಣದಲ್ಲಿವೆ. ಎಎಂಡಿ64ನ್ನು ಲಕ್ಷಾಂತರ ಮಂದಿ ಬಳಸುವುದರಿಂದ ಅಲ್ಲಿ ಹತ್ತು ದಿನ ದೋಷವರದಿ ಬಾರದಿದ್ದರೆ ಆ ಮೌನಕ್ಕೆ ತೂಕವಿದೆ. ಬೆರಳೆಣಿಕೆಯ ಯಂತ್ರಗಳಿರುವ ಆರ್ಕಿಟೆಕ್ಚರ್‌ನಲ್ಲಿ ಅಷ್ಟೇ ದಿನಗಳ ಮೌನವು ಕತ್ತಲಕೋಣೆಯದು. ಬಹು ಬೈಟಿನ ಸಂಖ್ಯೆಯ ದೊಡ್ಡ ಭಾಗವನ್ನು ಮೊದಲಿಡುವ ಎಸ್390ಎಕ್ಸ್‌ನಲ್ಲಿ ಕೂತು ಕನ್ನಡ ಪತ್ರ ಬರೆಯುವವರು ಯಾರೂ ಇರಲಾರರು. ಅಲ್ಲಿ ಕನ್ನಡದ ದೋಷ ವರದಿಯಾಗಿಲ್ಲವೆಂದರೆ ಅದರಿಂದ ತಿಳಿಯುವುದು ಶೂನ್ಯ.

ವಿತರಣೆಗಳನ್ನು ನಡೆಸುವವರು ಇದನ್ನು ಅನುಭವದಿಂದ ಕಂಡುಕೊಂಡಿದ್ದಾರೆ. 2002ರ ಡೆಬಿಯನ್ ಬಿಡುಗಡೆಯು 11 ಆರ್ಕಿಟೆಕ್ಚರ್‌ಗಳಿಗೆ ಬಂದಿತ್ತು. 2005ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಬಿಡುಗಡೆಯ ಹೊಣೆಗಾರರು, ಸಾಕಷ್ಟು ಬಳಕೆದಾರರೂ ದುಡಿಯುವ ಡೆವಲಪರುಗಳೂ ಕಂಪೈಲ್ ಮಾಡುವ ಯಂತ್ರಗಳೂ ಇಲ್ಲದ ಆರ್ಕಿಟೆಕ್ಚರ್‌ಗಳನ್ನು ಸ್ಥಿರ ಬಿಡುಗಡೆಯಿಂದ ಹೊರಗಿಡುವ ಪ್ರಸ್ತಾವವಿಟ್ಟಾಗ ಸಮುದಾಯದಲ್ಲಿ ದೊಡ್ಡ ವಿವಾದವೆದ್ದಿತು. ಅಲ್ಪಸಂಖ್ಯೆಯ ಯಂತ್ರಗಳನ್ನು ಕೈಬಿಡುವುದು ಕ್ರೌರ್ಯವೆಂಬ ಭಾವನೆಗೆ ಕಾರಣವಿತ್ತು. ಆದರೂ ಪರೀಕ್ಷಿಸುವವರಿಲ್ಲದ ಕಡೆ ಸ್ಥಿರವೆಂಬ ಮುದ್ರೆಯೊತ್ತುವುದು ಆ ಯಂತ್ರಗಳ ಬಳಕೆದಾರರಿಗೇ ಮಾಡುವ ವಂಚನೆಯೆಂಬುದನ್ನು ಒಪ್ಪಲೇಬೇಕು. ಜೆಂಟೂವಿನ ಆಡಳಿತ ಮಂಡಳಿಯು 2013ರಲ್ಲಿ ಎಂ68ಕೆ, ಎಸ್390, ಎಸ್‌ಹೆಚ್ ಎಂಬ ಮೂರು ಆರ್ಕಿಟೆಕ್ಚರ್‌ಗಳಿಂದ ಸ್ಥಿರವೆಂಬ ಗುರುತನ್ನು ಹಿಂತೆಗೆದುಕೊಂಡಿತು. ಪ್ಯಾಕೇಜುಗಳನ್ನು ಅಳಿಸಲಿಲ್ಲ, ಅಲೆಗೆರೆಯನ್ನು ಮರಳಿ ಇಟ್ಟಿತು. ತಾನು ತಿಳಿಯದ್ದನ್ನು ತಿಳಿದಂತೆ ಹೇಳದಿರುವ ಈ ನಡೆಯು ನೈತಿಕವಾಗಿ ಎತ್ತರದ್ದು.

ಸ್ವತಃ ಎನ್ನುವವರಿಗೂ ಪರತಃ ಎನ್ನುವವರಿಗೂ ನಡುವಿನ ಹಗ್ಗಜಗ್ಗಾಟವನ್ನು ಬಿಡಿಸುವ ದಾರಿಯೊಂದನ್ನು ಕನ್ನಡನಾಡಿನ ಮಧ್ವಪರಂಪರೆಯು ತೋರಿಸಿದೆ. ಮಳಖೇಡದ ಜಯತೀರ್ಥರು ವಿಸ್ತರಿಸಿದ, ಹಂಪೆಯಲ್ಲಿ ನೆಲೆಸಿದ್ದು 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರು ತರ್ಕತಾಂಡವದಲ್ಲಿ ನೈಯಾಯಿಕರ ಎದುರು ಸಮರ್ಥಿಸಿದ ಆ ಮತದಂತೆ, ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮನ ಸ್ವರೂಪವೇ ಆದ ಅರಿವು. ಸಂಶಯ ಹುಟ್ಟಿದಾಗ ಪರೀಕ್ಷೆ ಬೇಕು. ಆದರೆ ಪರೀಕ್ಷೆಯು ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ, ಸಾಕ್ಷಿಗೆ ಅಡ್ಡಬಂದ ಸಂಶಯವನ್ನು ತೆಗೆದುಹಾಕುತ್ತದೆ, ಅಷ್ಟೇ. ಯಂತ್ರಕ್ಕೆ ಸಾಕ್ಷಿಯಿಲ್ಲವಾದ್ದರಿಂದ ಈ ಮತವನ್ನು ಇಡಿಯಾಗಿ ತಂದು ಇಲ್ಲಿ ಕೂರಿಸುವಂತಿಲ್ಲ. ಆದರೂ ಪರೀಕ್ಷೆಯ ಸ್ವರೂಪದ ಬಗೆಗೆ ಅದು ಹೇಳುವುದು ಇಲ್ಲಿಗೆ ಪೂರ್ಣವಾಗಿ ಅನ್ವಯಿಸುತ್ತದೆ. ಈಗ ಡೆಬಿಯನ್‌ನಲ್ಲಿ ಪ್ಯಾಕೇಜು ದಾಟುವ ಮುನ್ನ ತಾನಾಗಿ ನಡೆಯುವ ಪರೀಕ್ಷೆಗಳಿವೆ. ಅವುಗಳಲ್ಲಿ ಗೆದ್ದ ಪ್ಯಾಕೇಜು ಗೆದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ಪರೀಕ್ಷೆ ಬರೆದವನಿಗೆ ಯಾವ ಯಾವ ಸಂಶಯಗಳು ಹೊಳೆದಿದ್ದವೋ ಅವಷ್ಟೇ ಕಳೆದಿರುತ್ತವೆ. ಹೊಳೆಯದ ಸಂಶಯ ಹಾಗೆಯೇ ಉಳಿದಿರುತ್ತದೆ, ಮತ್ತು ಕನ್ನಡದ ಅಕ್ಷರವು 128ರ ಆಚೆಯ ಬೈಟುಗಳಾಗುತ್ತದೆಂಬುದು ಕನ್ನಡ ಬಳಸದವನಿಗೆ ಹೊಳೆಯುವ ಸಂಭವ ಕಡಿಮೆ.

ಆದ್ದರಿಂದ ಈ ಪ್ರಶ್ನೆಗೆ ಕೊಡಬಹುದಾದ ತೀರ್ಪು ಹೀಗಿದೆ: ಬಾಧಕವಿಲ್ಲದಿದ್ದರೆ ಪ್ರಮಾಣವೆಂಬ ನಿಯಮವು ಸರಿ, ಆದರೆ ಬಾಧಕವನ್ನು ಕಾಣಬಲ್ಲ ಕಣ್ಣುಗಳು ಇರುವಷ್ಟು ಮಟ್ಟಿಗೆ ಮಾತ್ರ ಅದು ಸರಿ. ಒಂದು ಆರ್ಕಿಟೆಕ್ಚರ್‌ಗೆ ಸ್ಥಿರವೆಂಬ ಹೆಸರು ಸಲ್ಲುವುದು ಅದನ್ನು ಬಳಸಿ ನೋಡುವ ಜನರಿಂದ. ಒಂದು ಭಾಷೆಗೆ ಆ ಹೆಸರು ಸಲ್ಲುವುದೂ ಹಾಗೆಯೇ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ರಿಸ್ಕ್-ವಿ ಮೊದಲ ಬಾರಿಗೆ ಅಧಿಕೃತ ಆರ್ಕಿಟೆಕ್ಚರ್‌ಗಳ ಸಾಲಿಗೆ ಸೇರಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ರಿಸ್ಕ್-ವಿ ಅಥವಾ ಆರ್ಮ್ ಬೋರ್ಡಿನ ಮೇಲೆ ಲಿನಕ್ಸನ್ನು ಅನುಸ್ಥಾಪಿಸಿದಾಗ ಇಂಗ್ಲಿಷಿನ ಎರಡು ಸಾಲನ್ನು ಬೆರಳಚ್ಚಿಸಿ ಮುಗಿಸಬಾರದು. ಒತ್ತಕ್ಷರಗಳಿರುವ ಕನ್ನಡದ ಒಂದು ಪುಟವನ್ನು ಬೆರಳಚ್ಚಿಸಿ, ಉಳಿಸಿ, ಹುಡುಕಿ, ಅಕಾರಾದಿಯಾಗಿ ಜೋಡಿಸಿ, ಮುದ್ರಿಸಿ ನೋಡಬೇಕು. ದೋಷ ಕಂಡರೆ ವರದಿ ಬರೆಯಬೇಕು. ಕಾಣದಿದ್ದರೂ ಯಾವ ಆರ್ಕಿಟೆಕ್ಚರ್‌ನಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಪಠ್ಯವನ್ನಿಟ್ಟು ನೋಡಿದೆವೆಂಬುದನ್ನು ಪ್ಯಾಕೇಜಿನ ಹೊಣೆ ಹೊತ್ತವರಿಗೆ ತಿಳಿಸಬೇಕು.